ಲೆಕ್ಕ ಎಲ್ಲಿ ತಪ್ಪಿತು? ಎಸ್ಎಸ್ಎಲ್‌ಸಿ ಗಣಿತದ ದೋಷ ಪತ್ತೆ

ಉತ್ತರ ತಾಳೆಯಾಗದಿದ್ದರೆ ಹೆಚ್ಚಿನ ಮಕ್ಕಳು ಇಡೀ ಲೆಕ್ಕಕ್ಕೆ ಅಡ್ಡಗೆರೆ ಎಳೆದು ಮೊದಲಿಂದ ಶುರು ಮಾಡುತ್ತಾರೆ. ಕೈ ಅದೇ, ರೂಢಿ ಅದೇ. ಹಾಗಾಗಿ ಎರಡನೇ ಸಲವೂ ಕಾಲು ಅದೇ ಜಾಗದಲ್ಲಿ ಜಾರುತ್ತದೆ. ಅಳಿಸುವ ಮೊದಲು ತಪ್ಪು ಉತ್ತರವನ್ನೇ ಸ್ವಲ್ಪ ಹೊತ್ತು ನೋಡಿ. ಅದು ಸರಿಯುತ್ತರದ ಎರಡು ಪಟ್ಟಿದೆಯೇ, ಚಿಹ್ನೆ ಮಾತ್ರ ತಿರುಗಿದೆಯೇ, ಒಂದು ಕಡಿಮೆಯಿದೆಯೇ? ಯಾವ ಹಂತ ಕೆಟ್ಟಿದೆ ಎಂಬುದು ಬಹಳ ಸಲ ಅಲ್ಲೇ ಗೊತ್ತಾಗುತ್ತದೆ.

ಪುಸ್ತಕದಲ್ಲಿ ಎಕ್ಸ್, ವೈ ಇರುವಲ್ಲಿ ಇಲ್ಲಿ ಕ್ಷ, ಯ ಎಂದು ಬರೆದಿದೆ. ಸೂತ್ರಗಳ ಎ, ಬಿ, ಸಿ, ಡಿ, ಎನ್ ಹಾಗೇ ಇವೆ.

ಹುಡುಕುವ ಮೊದಲು

ಮೊದಲು ಪ್ರಶ್ನೆಯನ್ನು ಸರಿಯಾಗಿ ಇಳಿಸಿಕೊಂಡಿದ್ದೀರಾ ನೋಡಿ. 6 ಇದ್ದದ್ದು 0 ಆಗಿರುವುದು, ಪುಟ ತಿರುಗಿಸುವಾಗ ಮೈನಸ್ ಬಿದ್ದುಹೋಗಿರುವುದು ಅಪರೂಪವೇನಲ್ಲ. ಆಮೇಲೆ, ದೋಷ ನಿಜಕ್ಕೂ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ನಿಮ್ಮದು 30/√3, ಪುಸ್ತಕದ ಹಿಂದೆ 10√3 ಎಂದಿದ್ದರೆ ಎರಡೂ ಒಂದೇ. ಅಂಶ, ಛೇದ ಎರಡನ್ನೂ √3ರಿಂದ ಗುಣಿಸಿದರೆ 30√3/3, ಅಂದರೆ 10√3. ಪೈ ಬೆಲೆಯನ್ನು ಒಬ್ಬರು 22/7, ಇನ್ನೊಬ್ಬರು 3.14 ಎಂದು ಹಿಡಿದಾಗಲೂ ದಶಾಂಶದಲ್ಲಿ ಸಣ್ಣ ವ್ಯತ್ಯಾಸ ಬರುತ್ತದೆ. ತಪ್ಪೇ ಇಲ್ಲದ ಲೆಕ್ಕದಲ್ಲಿ ತಪ್ಪು ಹುಡುಕುತ್ತ ಅರ್ಧ ಗಂಟೆ ಕಳೆಯುವವರಿದ್ದಾರೆ.

ಕೆಟ್ಟ ಸಾಲನ್ನು ಹಿಡಿಯುವುದು

ಸಮೀಕರಣ ಬಿಡಿಸುವ ಯಾವ ಲೆಕ್ಕಕ್ಕೂ ಈ ವಿಧಾನ ಒಗ್ಗುತ್ತದೆ. ಒಂದು ಬಸ್ಸು 240 ಕಿ.ಮೀ. ಹೋಗಬೇಕು. ವೇಗ ಗಂಟೆಗೆ 20 ಕಿ.ಮೀ. ಹೆಚ್ಚಿದ್ದರೆ ಒಂದು ಗಂಟೆ ಮೊದಲೇ ತಲುಪುತ್ತಿತ್ತು. ಹಾಗಾದರೆ ವೇಗ ಎಷ್ಟು? ಹಂತಗಳು ಹೀಗಿರಬೇಕು:

240/ಕ್ಷ − 240/(ಕ್ಷ + 20) = 1
240(ಕ್ಷ + 20) − 240ಕ್ಷ = ಕ್ಷ(ಕ್ಷ + 20)
4800 = ಕ್ಷ² + 20ಕ್ಷ
ಕ್ಷ² + 20ಕ್ಷ − 4800 = 0
(ಕ್ಷ + 80)(ಕ್ಷ − 60) = 0

ವೇಗ 60. ಮೊದಲು 4 ಗಂಟೆ ಹಿಡಿಯುತ್ತಿದ್ದದ್ದು 80ರ ವೇಗದಲ್ಲಿ 3 ಗಂಟೆಯಾಗುತ್ತದೆ, ಸರಿ.

ಮೂರನೇ ಸಾಲಿನಲ್ಲಿ ಆವರಣ ಬಿಡಿಸುವಾಗ ಒಬ್ಬರು 4800 = ಕ್ಷ² + 20 ಎಂದು ಬರೆದಿದ್ದಾರೆ ಎನ್ನಿ. ಪುಸ್ತಕದ ಉತ್ತರ 60 ಎಂದು ಗೊತ್ತಿದ್ದರೆ ಅದನ್ನು ಲೆಕ್ಕದ ನಡುವಿನ ಸಾಲಿಗೆ ಹಾಕಿ. ಇಲ್ಲಿ 3600 + 20 ಆದರೆ 3620, ಅದು 4800 ಅಲ್ಲ. ಅಂದರೆ ದೋಷ ಈ ಸಾಲಿನಲ್ಲಿದೆ, ಇಲ್ಲವೇ ಇದಕ್ಕಿಂತ ಮೇಲಿದೆ. ಎರಡನೇ ಸಾಲಿಗೆ ಹಾಕಿದರೆ ಎಡಭಾಗ 19200 − 14400 = 4800, ಬಲಭಾಗ 60 × 80 = 4800. ಹೊಂದಿತು. ಹಾಗಿದ್ದರೆ ತಪ್ಪು ಎರಡನೇ ಮತ್ತು ಮೂರನೇ ಸಾಲಿನ ನಡುವೆ ಕೂತಿದೆ. ಎಷ್ಟು ಉದ್ದದ ಲೆಕ್ಕವಾದರೂ ಪ್ರತಿ ಸಲ ಅರ್ಧಕ್ಕೆ ಸೀಳಿದರೆ ಮೂರು ನಾಲ್ಕು ಪರೀಕ್ಷೆಯಲ್ಲಿ ಮುಗಿಯುತ್ತದೆ.

ಪರೀಕ್ಷೆಯ ಹಾಲಿನಲ್ಲಿ ಸರಿಯುತ್ತರ ಕೈಯಲ್ಲಿರುವುದಿಲ್ಲ. ಆಗ ನಿಮ್ಮದೇ ಉತ್ತರವನ್ನು ಹಾಕುತ್ತ ಬನ್ನಿ. ಅದು ಕೊನೆಯ ಸಾಲುಗಳಲ್ಲಿ ಹೊಂದುತ್ತದೆ, ಮೇಲಿನ ಸಾಲುಗಳಲ್ಲಿ ಹೊಂದುವುದಿಲ್ಲ. ಹೊಂದದೆ ಇದ್ದದ್ದು ಹೊಂದಲು ಶುರುವಾಗುವ ಜಾಗದಲ್ಲೇ ತಪ್ಪಿದೆ. ಉತ್ತರ ಪೂರ್ಣಾಂಕವೋ ಚಿಕ್ಕ ಭಿನ್ನರಾಶಿಯೋ ಆಗಿದ್ದರೆ ಇದು ಸುಲಭ. ವರ್ಗಮೂಲ ಸೇರಿಕೊಂಡ ಉತ್ತರವಾದರೆ ಸಮಯ ನುಂಗುತ್ತದೆ, ಬಿಟ್ಟುಬಿಡಿ.

ಮಾತಿನಲ್ಲಿ ಕೊಟ್ಟ ಲೆಕ್ಕವನ್ನು ಮಾತ್ರ ಮೊದಲ ಸಾಲಿಗೆ ಹಾಕಿ ತಾಳೆ ನೋಡಿದರೆ ಸಾಲದು. ಮೊದಲ ಸಾಲೇ ತಪ್ಪಿರಬಹುದು. ಉತ್ತರವನ್ನು ಪ್ರಶ್ನೆಯ ಮಾತಿಗೇ ಹಚ್ಚಿ ನೋಡಬೇಕು. ಇದೇ ಬಸ್ಸಿನ ಲೆಕ್ಕದಲ್ಲಿ 240/(ಕ್ಷ + 20) − 240/ಕ್ಷ = 1 ಎಂದು ಬರೆದರೆ ಕೊನೆಗೆ ಕ್ಷ² + 20ಕ್ಷ + 4800 = 0 ಬರುತ್ತದೆ, ಶೋಧಕ (ಬಿ² − 4ಎಸಿ) 400 − 19200, ಅಂದರೆ ಋಣ. ವೇಗ, ಕಾಲ, ಕೆಲಸದ ಲೆಕ್ಕದಲ್ಲಿ 'ವಾಸ್ತವ ಮೂಲಗಳಿಲ್ಲ' ಎಂದು ಬಂದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ: ಹೆಚ್ಚಿನ ಕಾಲದಿಂದ ಕಡಿಮೆ ಕಾಲವನ್ನು ಕಳೆಯುವ ಬದಲು ತಿರುವುಮುರುವು ಕಳೆದಿದ್ದೀರಿ. ವೇಗ ಕಡಿಮೆಯಿದ್ದಾಗ ಕಾಲ ಹೆಚ್ಚು. ಹಾಗಾಗಿ ಕ್ಷ + 20 ಇರುವ ಭಿನ್ನರಾಶಿಯೇ ಚಿಕ್ಕದು.

ವರ್ಗ ಸಮೀಕರಣ: ಮೊತ್ತ ಮತ್ತು ಗುಣಲಬ್ಧ

ಮೂಲಗಳ ಮೊತ್ತ −ಬಿ/ಎ, ಗುಣಲಬ್ಧ ಸಿ/ಎ. ಇದನ್ನು ಒಂದು ಅಂಕದ ಪ್ರಶ್ನೆಗೆಂದು ಬಾಯಿಪಾಠ ಮಾಡಿ ಮರೆಯುತ್ತಾರೆ. ನಿಜವಾದ ಉಪಯೋಗ ದೋಷ ಪತ್ತೆಯಲ್ಲಿದೆ. 2ಕ್ಷ² − 5ಕ್ಷ − 3 = 0 ತೆಗೆದುಕೊಳ್ಳಿ. ಎ = 2, ಬಿ = −5, ಸಿ = −3. ಶೋಧಕ 25 + 24 = 49, ಮೂಲಗಳು (−ಬಿ ± √ಶೋಧಕ)/2ಎ = (5 ± 7)/4, ಅಂದರೆ 3 ಮತ್ತು −1/2. ಮೊತ್ತ 5/2, ಗುಣಲಬ್ಧ −3/2.

ನಿಮಗೆ −3 ಮತ್ತು 1/2 ಬಂದಿದೆಯೇ? ಗುಣಲಬ್ಧ ಸರಿ, ಮೊತ್ತದ ಚಿಹ್ನೆ ಮಾತ್ರ ತಿರುಗಿದೆ. ಸೂತ್ರದಲ್ಲಿ −ಬಿ ಎಂದಾಗ −(−5) = 5 ಎಂದು ಬರೆಯದೆ −5 ಎಂದೇ ಇಳಿಸಿದ್ದೀರಿ. ಅಪವರ್ತಿಸಿ ಮಾಡಿದ್ದರೆ (ಕ್ಷ − 3) = 0 ಎಂಬಲ್ಲಿ 3ರ ಬದಲು −3 ಎಂದು ಓದಿದ್ದೀರಿ.

3/2 ಮತ್ತು 1 ಬಂದಿದೆಯೇ? ಮೊತ್ತ 5/2 ಸರಿಯಿದೆ, ಗುಣಲಬ್ಧ ಕೆಟ್ಟಿದೆ. ದೋಷ ಶೋಧಕದೊಳಗೆ. −4 × 2 × (−3) ಎಂಬುದು +24 ಆಗಬೇಕಿತ್ತು, ನೀವು 25 − 24 = 1 ಮಾಡಿದ್ದೀರಿ. ಮೊತ್ತ ಸರಿಯಿದ್ದು ಗುಣಲಬ್ಧ ತಪ್ಪಿದ್ದರೆ −ಬಿ, 2ಎ ಎರಡನ್ನೂ ಮತ್ತೆ ನೋಡುವ ಅಗತ್ಯವೇ ಇಲ್ಲ.

6 ಮತ್ತು −1 ಬಂದಿದ್ದರೆ ಮೊತ್ತ ಎರಡು ಪಟ್ಟು, ಗುಣಲಬ್ಧ ನಾಲ್ಕು ಪಟ್ಟು ಆಗಿದೆ. ಛೇದದಲ್ಲಿ 2ಎ ಬದಲು ಬರೀ 2 ಹಾಕಿದ್ದೀರಿ. 27/4 ಮತ್ತು 13/4 ಬಂದಿದ್ದರೆ ಭಾಗಾಕಾರದ ಗೆರೆ ಗಿಡ್ಡವಾಗಿದೆ: 5 ± 7/4 ಎಂದು ವರ್ಗಮೂಲದ ಕೆಳಗೆ ಮಾತ್ರ ಛೇದ ಬಂದಿದೆ. ಸೂತ್ರ ಬರೆಯುವಾಗ ಗೆರೆಯನ್ನು −ಬಿ ಕೆಳಗಿಂದಲೇ ಎಳೆಯುವ ರೂಢಿ ಮಾಡಿಕೊಂಡರೆ ಈ ದೋಷ ಹುಟ್ಟುವುದೇ ಇಲ್ಲ.

ಇನ್ನೊಂದಿದೆ. (−5)² ಬದಲು −5² ಎಂದು ಬರೆದು −25 ಹಾಕುವವರಿಗೆ −25 + 24 = −1 ಬಂದು, 'ವಾಸ್ತವ ಮೂಲಗಳಿಲ್ಲ' ಎಂದು ಲೆಕ್ಕ ಅಲ್ಲಿಗೇ ಮುಗಿಯುತ್ತದೆ. ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದು ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ 9ನೇ ಶತಮಾನದಲ್ಲೇ ಹೇಳಿದ್ದ ಮಾತು ಸರಿಯೇ. ಆದರೆ ಇಲ್ಲಿ ಅದು ಅನ್ವಯಿಸುವುದಿಲ್ಲ. ಎ ಮತ್ತು ಸಿ ಚಿಹ್ನೆಗಳು ಬೇರೆ ಬೇರೆ ಇದ್ದರೆ −4ಎಸಿ ಧನವೇ ಆಗುತ್ತದೆ, ಬಿ² ಎಂದೂ ಋಣವಾಗದು. ಅಂಥ ಸಮೀಕರಣದಲ್ಲಿ ಶೋಧಕ ಋಣ ಬಂದರೆ ಲೆಕ್ಕ ತಪ್ಪಿದೆ ಎಂದು ಕಣ್ಣುಮುಚ್ಚಿ ಹೇಳಬಹುದು.

ಎರಡು ಸಮೀಕರಣ, ಒಂದೇ ಕಡೆ ತಾಳೆ

5ಕ್ಷ − 2ಯ = 11
3ಕ್ಷ − 4ಯ = 1

ವರ್ಜಿಸುವ ವಿಧಾನದಲ್ಲಿ ಮೊದಲನೆಯದನ್ನು 2ರಿಂದ ಗುಣಿಸಿ 10ಕ್ಷ − 4ಯ = 22. ಕಳೆದರೆ 7ಕ್ಷ = 21, ಕ್ಷ = 3, ಯ = 2. ಎಡಭಾಗ ಗುಣಿಸಿ ಬಲಭಾಗದ 11ನ್ನು ಮರೆತವರಿಗೆ 7ಕ್ಷ = 10, ಕ್ಷ = 10/7 ಬರುತ್ತದೆ. ಅದನ್ನು ಮೊದಲ ಸಮೀಕರಣಕ್ಕೆ ಹಾಕಿ ಯ = −27/14 ಪಡೆದು, ಮತ್ತೆ ಅದೇ ಮೊದಲ ಸಮೀಕರಣಕ್ಕೆ ಎರಡನ್ನೂ ಹಾಕಿ 'ತಾಳೆಯಾಯಿತು' ಎಂದು ಮುಂದೆ ಹೋಗುತ್ತಾರೆ. ಆಗದೇ ಇರುತ್ತದೆಯೇ? ಯ ಹುಟ್ಟಿದ್ದೇ ಆ ಸಮೀಕರಣದಿಂದ. ಕ್ಷ ಬೆಲೆ ಏನೇ ಇದ್ದರೂ ಅದು ಹೊಂದಿಯೇ ಹೊಂದುತ್ತದೆ. ತಾಳೆ ಯಾವಾಗಲೂ ಇನ್ನೊಂದು ಸಮೀಕರಣದಲ್ಲಿ ನೋಡಿ: ಇಲ್ಲಿ 30/7 + 54/7 = 12, ಬೇಕಿದ್ದದ್ದು 1. ಬಲಭಾಗದ ಗುಣಾಕಾರ ಸರಿಯಿದ್ದೂ ಉತ್ತರ ಕೆಟ್ಟಿದ್ದರೆ ಕಳೆಯುವ ಹಂತ ನೋಡಿ. −4ಯ ಇಂದ −4ಯ ಕಳೆದರೆ ಸೊನ್ನೆ, −8ಯ ಅಲ್ಲ. ಕೆಳಗಿನ ಸಾಲಿನ ಪ್ರತಿ ಪದದ ಚಿಹ್ನೆಯನ್ನು ಬದಲಿಸಿ ಬರೆದುಕೊಂಡು ಆಮೇಲೆ ಕೂಡಿದರೆ ಈ ತೊಂದರೆ ಇಲ್ಲ.

ವಯಸ್ಸಿನ ಲೆಕ್ಕದಲ್ಲಿ ಅಪ್ಪನಿಗಿಂತ ಮಗಳು ದೊಡ್ಡವಳಾದರೆ 'ಮೂರು ಪಟ್ಟು' ಎಂಬುದನ್ನು ತಪ್ಪು ಕಡೆ ಗುಣಿಸಿದ್ದೀರಿ. 'ಐದು ವರ್ಷಗಳ ಹಿಂದೆ' ಎಂದರೆ ಇಬ್ಬರ ವಯಸ್ಸಿನಿಂದಲೂ 5 ಕಳೆಯಬೇಕು, ಒಬ್ಬರದ್ದಷ್ಟೇ ಅಲ್ಲ. ಎರಡಂಕಿ ಸಂಖ್ಯೆ 10ಕ್ಷ + ಯ, ಅಂಕಿಗಳನ್ನು ಅದಲುಬದಲು ಮಾಡಿದರೆ 10ಯ + ಕ್ಷ.

ಸಮಾಂತರ ಶ್ರೇಢಿ: ಒಂದರ ವ್ಯತ್ಯಾಸ

3ನೇ ಪದ 16, 8ನೇ ಪದ 41. ಸಾಮಾನ್ಯ ವ್ಯತ್ಯಾಸ ಡಿ = 5, ಮೊದಲ ಪದ ಎ = 6 ಬರಬೇಕು. ಡಿ ಸರಿಯಾಗಿ 5 ಬಂದು ಎ ಮಾತ್ರ 1 ಬಂದಿದ್ದರೆ, ಅಂದರೆ ಸರಿಯಾಗಿ ಒಂದು ಡಿಯಷ್ಟು ಕಡಿಮೆ ಬಂದಿದ್ದರೆ, ಎ + 2ಡಿ, ಎ + 7ಡಿ ಎನ್ನುವ ಬದಲು ಎ + 3ಡಿ, ಎ + 8ಡಿ ಎಂದು ಬರೆದಿದ್ದೀರಿ. ಎರಡರಲ್ಲೂ ಅದೇ ತಪ್ಪು ಆದ್ದರಿಂದ ಕಳೆದಾಗ ಅದು ಮಾಯವಾಗಿ ಡಿ ಸರಿಯಾಗಿಯೇ ಬರುತ್ತದೆ. 7, 11, 15, ..., 139 ರಲ್ಲಿ ಎಷ್ಟು ಪದ ಎಂದಾಗ 33 ಎಂದು ಬಂದರೂ ಇದೇ ಕಾರಣ. ಅಂತರಗಳು 33, ಪದಗಳು 34.

ಪದಗಳ ಸಂಖ್ಯೆ ಎನ್ ಬೆಲೆ ಭಿನ್ನರಾಶಿಯಾಗಿ ಬಂದರೆ ಪ್ರಶ್ನೆ ಏನು ಕೇಳಿದೆ ನೋಡಿ. 'ಇದು ಶ್ರೇಢಿಯ ಪದವೇ?' ಎಂದು ಕೇಳಿದ್ದರೆ ಭಿನ್ನರಾಶಿಯೇ ಉತ್ತರ: ಅಲ್ಲ. 100, 93, 86, ... ರಲ್ಲಿ ಮೊದಲ ಋಣ ಪದ ಯಾವುದು ಎಂದು ಕೇಳಿದ್ದರೆ ಎನ್ 15.28ಕ್ಕಿಂತ ಹೆಚ್ಚಿರಬೇಕು ಎಂದು ಬರುತ್ತದೆ, ಉತ್ತರ 16ನೇ ಪದ, ಅದರ ಬೆಲೆ −5. ಸಮೀಪದ ಪೂರ್ಣಾಂಕವೆಂದು 15 ಬರೆದವರು ಆ ಪದ ಬರೆದು ನೋಡಲಿ: 100 − 98 = 2, ಇನ್ನೂ ಧನ. ಇವೆರಡೂ ಅಲ್ಲದೆ 'ಎಷ್ಟು ಪದ' ಎಂದು ನೇರ ಕೇಳಿದಾಗ ಭಿನ್ನರಾಶಿ ಬಂದರೆ ಡಿ ತಪ್ಪಿದೆ, ಇಲ್ಲವೇ ಕಳೆಯುವಾಗ ಜಾರಿದ್ದೀರಿ. ಎನ್ ಋಣ ಬಂದರೆ ಇಳಿಯುವ ಶ್ರೇಢಿಯಲ್ಲಿ ಡಿ ಋಣ ಎಂಬುದನ್ನು ಮರೆತಿರುವ ಸಾಧ್ಯತೆಯೇ ಹೆಚ್ಚು.

ಮೊತ್ತದ ಲೆಕ್ಕದಲ್ಲಿ ಸರಿಯಿದ್ದದ್ದನ್ನು ಕೆಡಿಸುವ ದೋಷವೊಂದಿದೆ. 20 + 18 + 16 + ... = 108 ಆಗಲು ಎಷ್ಟು ಪದ ಬೇಕು? ಎನ್² − 21ಎನ್ + 108 = 0, ಎನ್ = 9 ಅಥವಾ 12. 'ಒಂದನ್ನು ಬಿಡಬೇಕು' ಎಂಬ ರೂಢಿಯಿಂದ ಒಂದನ್ನು ಹೊಡೆದುಹಾಕುತ್ತಾರೆ. ಎರಡೂ ಸರಿ. 10, 11, 12ನೇ ಪದಗಳು 2, 0, −2, ಅವುಗಳ ಮೊತ್ತ ಸೊನ್ನೆ. ಬಸ್ಸಿನ ವೇಗದಲ್ಲಿ −80 ಬಿಟ್ಟದ್ದು ಋಣ ವೇಗಕ್ಕೆ ಅರ್ಥವಿಲ್ಲ ಎಂದು. ಇಲ್ಲಿ ಬಿಡಲು ಕಾರಣವೇ ಇಲ್ಲ.

ಎತ್ತರ ಮತ್ತು ದೂರ

ಒಂದೇ ಕೋನದ ಲೆಕ್ಕಕ್ಕೆ 45° ತಕ್ಕಡಿಯಂತೆ. ಉನ್ನತ ಕೋನ 45°ಗಿಂತ ಕಡಿಮೆಯಿದ್ದರೆ ಎತ್ತರ ದೂರಕ್ಕಿಂತ ಕಡಿಮೆ, ಹೆಚ್ಚಿದ್ದರೆ ಹೆಚ್ಚು. 30 ಮೀ. ದೂರದಿಂದ 30° ಕೋನದಲ್ಲಿ ಕಂಡ ಕಂಬ 51.96 ಮೀ. ಎಂದು ಬಂದರೆ ಟ್ಯಾನ್ 30° ಬದಲು ಟ್ಯಾನ್ 60° ಬೆಲೆ ಹಾಕಿದ್ದೀರಿ. ಸರಿಯುತ್ತರ 10√3, ಸುಮಾರು 17.32 ಮೀ.

ಅವನತ ಕೋನದ ದೋಷ ಹೆಚ್ಚು ಕಪಟದ್ದು. ಕೋನವನ್ನು ಕಣ್ಣಿನ ಮಟ್ಟದ ಅಡ್ಡಗೆರೆಯಿಂದ ಕೆಳಗೆ ಅಳೆಯಬೇಕು. ಅನೇಕರು ಕಟ್ಟಡದ ಗೋಡೆಯಿಂದ ಅಳೆದು ಚಿತ್ರ ಬರೆಯುತ್ತಾರೆ. 60 ಮೀ. ಎತ್ತರದಿಂದ ಒಂದೇ ಬದಿಯ ಎರಡು ವಾಹನಗಳು 30° ಮತ್ತು 45° ಅವನತ ಕೋನದಲ್ಲಿ ಕಂಡರೆ ನಡುವಿನ ಅಂತರ 103.92 − 60 = 43.92 ಮೀ. ಗೋಡೆಯಿಂದ ಅಳೆದವರಿಗೆ 60 − 34.64 = 25.36 ಬರುತ್ತದೆ. ಆದರೆ ಕೋನಗಳು 30° ಮತ್ತು 60° ಇದ್ದರೆ? ಸರಿಯಾಗಿ ಮಾಡಿದರೂ ತಪ್ಪಾಗಿ ಮಾಡಿದರೂ ಅಂತರ 103.92 − 34.64 = 69.28! ಎರಡು ಕೋನಗಳ ಮೊತ್ತ 90° ಆದ್ದರಿಂದ ದೂರಗಳು ಅದಲುಬದಲಾದವೇ ಹೊರತು ವ್ಯತ್ಯಾಸ ಬದಲಾಗಲಿಲ್ಲ. ಹೀಗೆ ಉತ್ತರ ಸರಿಬಂದು ಚಿತ್ರ ತಪ್ಪಿದ್ದರೆ ಚಿತ್ರದ ಅಂಕ ಹೋಗುತ್ತದೆ, ಮುಂದಿನ ಲೆಕ್ಕದಲ್ಲಿ ಅದೇ ರೂಢಿ ಪೂರ್ತಿ ಮುಳುಗಿಸುತ್ತದೆ. ದೂರದ ವಸ್ತುವಿಗೆ ಚಿಕ್ಕ ಕೋನ ಬಂದಿದೆಯೇ ಎಂದು ಚಿತ್ರ ಬರೆದ ಕೂಡಲೇ ನೋಡಿ.

ಸಾಧಿಸಿ ಎಂಬ ಪ್ರಶ್ನೆಯಲ್ಲಿ ಯಾವ ಹಂತ ಮುರಿದಿದೆ ಎಂದು ತಿಳಿಯಲು ಕೋನಕ್ಕೆ 30° ಹಾಕಿ ಪ್ರತಿ ಸಾಲಿನ ಬೆಲೆ ನೋಡಿ. 45° ಹಾಕಬೇಡಿ. ಅಲ್ಲಿ ಸೈನ್, ಕಾಸ್ ಎರಡೂ ಒಂದೇ, ಒಂದರ ಬದಲು ಇನ್ನೊಂದು ಬರೆದಿದ್ದರೂ ಗೊತ್ತಾಗದು.

ಘನಾಕೃತಿಗಳು: ಎಷ್ಟು ಪಟ್ಟು ಹೆಚ್ಚು?

ತಪ್ಪು ಉತ್ತರವನ್ನು ಸರಿಯುತ್ತರದಿಂದ ಭಾಗಿಸಿ. ಸಿಲಿಂಡರಿನ ಘನಫಲ ಸರಿಯಾಗಿ 4 ಪಟ್ಟು, ಅದರ ವಕ್ರ ಮೇಲ್ಮೈ 2 ಪಟ್ಟು, ಗೋಳದ ಘನಫಲ 8 ಪಟ್ಟು ಬಂದಿದ್ದರೆ ಮೂರಕ್ಕೂ ಕಾರಣ ಒಂದೇ, ತ್ರಿಜ್ಯದ ಜಾಗದಲ್ಲಿ ವ್ಯಾಸ ಕೂತಿದೆ. ಶಂಕುವಿನ ಘನಫಲ 3 ಪಟ್ಟು ಬಂದಿದ್ದರೆ 1/3 ಬಿಟ್ಟಿದ್ದೀರಿ. ಘನಫಲದಲ್ಲಿ 100 ಪಟ್ಟು ವ್ಯತ್ಯಾಸವಿದ್ದರೆ ಮೂರು ಅಳತೆಗಳಲ್ಲಿ ಒಂದನ್ನು ಮೀಟರಿನಲ್ಲೋ ಸೆಂಟಿಮೀಟರಿನಲ್ಲೋ ಹಾಗೇ ಬಿಟ್ಟಿದ್ದೀರಿ. 1 ಘನ ಮೀಟರ್ ಎಂದರೆ 10,00,000 ಘನ ಸೆಂ.ಮೀ., 1000 ಲೀಟರ್.

ಅರ್ಧಗೋಳದ ಮೇಲೆ ಶಂಕು ಕೂರಿಸಿದ ಆಟಿಕೆ. ತ್ರಿಜ್ಯ 7 ಸೆಂ.ಮೀ., ಒಟ್ಟು ಎತ್ತರ 31 ಸೆಂ.ಮೀ. ಶಂಕುವಿನ ಎತ್ತರ 31 − 7 = 24, ಓರೆ ಎತ್ತರ √(576 + 49) = 25. ಮೇಲ್ಮೈ ವಿಸ್ತೀರ್ಣ 550 + 308 = 858 ಚ.ಸೆಂ.ಮೀ. ಓರೆ ಎತ್ತರ √1010 ಎಂಬ ಗಂಟಾಗಿ ನಿಂತಿದ್ದರೆ 31ರಿಂದ 7 ಕಳೆದಿಲ್ಲ. ಒಟ್ಟು 836 ಬಂದಿದ್ದರೆ ಓರೆ ಎತ್ತರದ ಬದಲು ನೇರ ಎತ್ತರ 24 ಹಾಕಿದ್ದೀರಿ. 1166 ಬಂದಿದ್ದರೆ ಎರಡೂ ಆಕೃತಿಗಳ ಪೂರ್ಣ ಮೇಲ್ಮೈ ಕೂಡಿದ್ದೀರಿ. ಹೆಚ್ಚಾದ 308 ಎಂಬುದು ಒಳಗೆ ಅಂಟಿಕೊಂಡು ಮುಚ್ಚಿಹೋದ ಎರಡು ವೃತ್ತಗಳು, ತಲಾ 154. ಬಣ್ಣ ಬಳಿಯಲು ಕುಂಚ ತಲುಪುವ ಜಾಗವನ್ನಷ್ಟೇ ಎಣಿಸಿ. ಅಳತೆಗಳು 7, 3.5, 10.5, 1.4 ಹೀಗಿದ್ದರೆ 22/7 ಹಿಡಿದರೆ ಹೊಡೆದುಹೋಗುತ್ತದೆ.

ಸಂಖ್ಯಾಶಾಸ್ತ್ರ

ವರ್ಗಾಂತರ 0–10, 10–20, 20–30, 30–40, 40–50. ಆವೃತ್ತಿ ಕ್ರಮವಾಗಿ 5, 8, 15, 12, 10. ಒಟ್ಟು 50. ಮಧ್ಯಾಂಕದ ವರ್ಗಾಂತರ 20–30, ಮಧ್ಯಾಂಕ 20 + (25 − 13)/15 × 10 = 28. ನಿಮಗೆ 18 ಬಂದಿದ್ದರೆ ಹಿಂದಿನ ವರ್ಗಾಂತರದ ಸಂಚಿತ ಆವೃತ್ತಿ 13ರ ಬದಲು ಅದೇ ವರ್ಗಾಂತರದ 28 ಹಾಕಿದ್ದೀರಿ. ಮಧ್ಯಾಂಕ ತನ್ನ ವರ್ಗಾಂತರದ ಹೊರಗೆ ಬೀಳುವಂತೆಯೇ ಇಲ್ಲ. ಸರಾಸರಿ 27.8ರ ಬದಲು 278 ಬಂದಿದ್ದರೆ 50ರ ಬದಲು ಸಾಲುಗಳ ಸಂಖ್ಯೆ 5ರಿಂದ ಭಾಗಿಸಿದ್ದೀರಿ.

ಬಹುಲಕದ ತಪ್ಪು ಮಾತ್ರ ವರ್ಗಾಂತರದ ಒಳಗೇ ಅಡಗಿ ಕೂರುತ್ತದೆ. ಛೇದ 2 × 15 − 8 − 12 = 10, ಬಹುಲಕ 20 + 7/10 × 10 = 27. ಛೇದದಲ್ಲಿ ಕೊನೆಯ ಚಿಹ್ನೆ ತಪ್ಪಿ 34 ಹಾಕಿದವರಿಗೆ 22.06 ಬರುತ್ತದೆ. 20–30ರ ಒಳಗೇ ಇದೆ, ಅನುಮಾನ ಬರುವುದಿಲ್ಲ. ಇದನ್ನು ಹಿಡಿಯಲು ಅಕ್ಕಪಕ್ಕದ ಆವೃತ್ತಿ ನೋಡಿ. ಹಿಂದಿನದು 8, ಮುಂದಿನದು 12. ಬಹುಲಕ ಯಾವಾಗಲೂ ಹೆಚ್ಚು ಆವೃತ್ತಿಯಿರುವ ಕಡೆ ವಾಲುತ್ತದೆ, ಹಾಗಾಗಿ ಇಲ್ಲಿ 25ಕ್ಕಿಂತ ಹೆಚ್ಚಿರಲೇಬೇಕು. 22.06 ತಪ್ಪು. ಛೇದವನ್ನು (15 − 8) + (15 − 12), ಅಂದರೆ 7 + 3 ಎಂದು ಬಿಡಿಸಿ ಬರೆದರೆ ಚಿಹ್ನೆ ಜಾರುವುದಿಲ್ಲ.

ಉಳಿದ ಕೆಲವು

ಭಾಗ ಪ್ರಮಾಣ ಸೂತ್ರದಲ್ಲಿ (2, 3) ಮತ್ತು (7, 13) ಸೇರಿಸುವ ರೇಖಾಖಂಡವನ್ನು 2 : 3ರಲ್ಲಿ ವಿಭಾಗಿಸುವ ಬಿಂದು (4, 7). (5, 9) ಬಂದರೆ ಅನುಪಾತವನ್ನು ಅಡ್ಡವಾಗಿ ಗುಣಿಸದೆ ನೇರ ಗುಣಿಸಿದ್ದೀರಿ. 2 : 3 ಎಂದರೆ ಬಿಂದು ಮೊದಲನೆಯದಕ್ಕೇ ಹತ್ತಿರವಿರಬೇಕು.

ತ್ರಿಭುಜದಲ್ಲಿ ಪಾದಕ್ಕೆ ಸಮಾಂತರವಾಗಿ ಎಳೆದ ರೇಖೆ ಬಾಹುವನ್ನು ಶೃಂಗದಿಂದ 2 ಮತ್ತು 3 ಆಗಿ ಕತ್ತರಿಸಿದೆ, ಪಾದ 10. ಆ ರೇಖೆಯ ಉದ್ದ 4. 6.67 ಬಂದಿದ್ದರೆ 2/5 ಹಾಕಬೇಕಾದಲ್ಲಿ 2/3 ಹಾಕಿದ್ದೀರಿ. ತುಂಡಿಗೆ ತುಂಡು ಎಂಬ ಅನುಪಾತ ಬಾಹುಗಳ ಮೇಲಷ್ಟೇ ನಡೆಯುತ್ತದೆ. ಪಾದ ಬಂದ ಕೂಡಲೇ ಚಿಕ್ಕ ತ್ರಿಭುಜದ ಇಡೀ ಬಾಹುವಿಗೆ ದೊಡ್ಡದರ ಇಡೀ ಬಾಹು ಬೇಕು.

ಸಂಭವನೀಯತೆ 1ಕ್ಕಿಂತ ಹೆಚ್ಚು ಬಂದರೆ ಅಂಶ ಛೇದ ತಲೆಕೆಳಗಾಗಿವೆ. ಎರಡು ದಾಳಗಳ ಮೊತ್ತ 8 ಬರುವುದಕ್ಕೆ 5/36ರ ಬದಲು 1/11 ಬಂದಿದ್ದರೆ 2ರಿಂದ 12ರವರೆಗಿನ ಮೊತ್ತಗಳನ್ನು ಎಣಿಸಿದ್ದೀರಿ, ದಾಳ ಬೀಳುವ 36 ಬಗೆಗಳನ್ನಲ್ಲ. ಆ ಹನ್ನೊಂದೂ ಸಮಾನವಾಗಿ ಬೀಳುವುದಿಲ್ಲ: 7 ಬೀಳಲು ಆರು ದಾರಿ, 2 ಬೀಳಲು ಒಂದೇ.